ಕರಸ್ಥಲದ ನೋಟ ಮತ್ತು ಅವಧಾನಭಕ್ತಿ

ಪಂಚೇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂಬುದು ಲೋಕಪ್ರಸಿದ್ಧವಾದ ಮಾತು. ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿಯೂ ಕಣ್ಣಿಗೆ ವಿಶಿಷ್ಟವಾದ ಸ್ಥಾನವುಂಟು. ಪ್ರಸಾದಿಸ್ಥಲಕ್ಕೆ ಶಿವಲಿಂಗವೇ ಲಿಂಗ, ನೇತ್ರವೇ ಮುಖ, ರೂಪವೇ ಅರ್ಪಿಸತಕ್ಕ ದ್ರವ್ಯ, ಅವಧಾನವೇ ಭಕ್ತಿ. ಕಣ್ಣಿಗೆ ಕಾಣಿಸಿದ ರೂಪವನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಬಳಿಕ ಅದನ್ನು ಪ್ರಸಾದವೆಂದು ಸ್ವೀಕರಿಸಬೇಕು. ಹಾಗೆ ಸ್ವೀಕರಿಸುವಲ್ಲಿ ಎಚ್ಚರ ತಪ್ಪಬಾರದು ಎಂಬುದು ಇದರ ತಾತ್ಪರ್ಯ. ಈ ಎಚ್ಚರಕ್ಕೇ ಅವಧಾನವೆಂದು ಹೆಸರು. ಆದುದರಿಂದ ಏನನ್ನು ನೋಡಬೇಕು, ಹೇಗೆ ನೋಡಬೇಕು, ನೋಡಿದುದರಿಂದ ಏನಾಗಬೇಕು ಎಂಬ ಪ್ರಶ್ನೆ ಭಕ್ತನಿಗೆ ಹೊಸದಲ್ಲ. ಆದರೆ ಅದು ನಮ್ಮ ಕಾಲದಲ್ಲಿ ಹೊಸದೊಂದು ವೇಷ ತೊಟ್ಟು ಬಂದು ನಿಂತಿದೆ.

ಈಚಿನ ವರ್ಷಗಳಲ್ಲಿ ಬೀದಿ ಛಾಯಾಗ್ರಹಣವೆಂಬ ಕಲೆಯು ಬಹಳ ಪ್ರಚಾರದಲ್ಲಿದೆ. ಛಾಯಾಗ್ರಾಹಕನು ಸಂತೆ, ಬಸ್ಸು ನಿಲ್ದಾಣ, ರೈಲು, ಸಮುದ್ರತೀರ ಮೊದಲಾದ ಕಡೆಗಳಲ್ಲಿ ತಿರುಗಾಡಿ, ಜನರು ತಮ್ಮಷ್ಟಕ್ಕೆ ತಾವಿರುವಾಗ ಅವರ ಚಿತ್ರವನ್ನು ತೆಗೆಯುವನು. ಇಂತಹ ಚಿತ್ರಗಳಲ್ಲಿ ಇಂದು ಪದೇ ಪದೇ ಕಾಣಿಸುವವರೆಂದರೆ, ಕೈಯಲ್ಲಿ ಮೊಬೈಲು ಹಿಡಿದು, ಕತ್ತು ಬಗ್ಗಿಸಿ, ಪಕ್ಕದವರ ಪರಿವೆಯೇ ಇಲ್ಲದೆ ಕುಳಿತಿರುವ ಮನುಷ್ಯರು. ಆಧುನಿಕ ಮಾನವನ ಏಕಾಕಿತನವೆಂಬ ಅರ್ಥದ ಒಂದು ಶೀರ್ಷಿಕೆ ಅದರ ಕೆಳಗಿರುವುದು.

ಈ ನೋಟಕ್ಕಾಗಿ ಮಹಾನಗರಗಳಿಗೆ ಹೋಗಬೇಕಾದುದಿಲ್ಲ. ಮಂಗಳೂರು–ಉಡುಪಿ ಹೆದ್ದಾರಿಗೆ ಕಾರ್ಕಳದ ರಸ್ತೆ ಬಂದು ಕೂಡುವ ಪಡುಬಿದ್ರಿಯಲ್ಲಿ ಅರ್ಧ ಗಳಿಗೆ ನಿಂತರೆ ಸಾಕು. ಬಸ್ಸಿಗೆ ಕಾಯುವವರಲ್ಲಿ ಹೆಚ್ಚಿನವರ ಕಣ್ಣು ಅಂಗೈಯಲ್ಲಿಯೇ ನೆಟ್ಟಿರುತ್ತದೆ. ಕಂಡಕ್ಟರನು ಕಾಪು, ಕಟಪಾಡಿ, ಉಡುಪಿ ಎಂದು ಕೂಗಿದರೂ ತಲೆಯೆತ್ತದವರಿದ್ದಾರೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು ಪಡೆದ ಅಲ್ಲಿಯ ಕಡಲತೀರದಲ್ಲಿ, ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ ಮೊಬೈಲಿನಲ್ಲಿ ತಮ್ಮ ಮುಖವನ್ನು ತಾವೇ ನೋಡುವವರಿದ್ದಾರೆ. ಭಾರತದಲ್ಲಿ ಮೊಬೈಲು ಸೇವೆ ಆರಂಭವಾದುದು 1995ರ ಜುಲೈ 31ರಂದು. ಕೇವಲ ಮೂರು ದಶಕಗಳಲ್ಲಿ ಒಂದು ಯಂತ್ರವು ಮನುಷ್ಯರ ಕತ್ತಿನ ನಿಲುವನ್ನೇ ಬದಲಿಸಿತೆಂದರೆ ಅದು ಸಾಮಾನ್ಯ ವಿಷಯವಲ್ಲ.

ಹೀಗಿರಲಾಗಿ, ಈ ಚಿತ್ರಗಳು ಸತ್ಯವನ್ನೇ ಹೇಳುತ್ತಿವೆ ಎಂಬುದು ಪೂರ್ವಪಕ್ಷ. ಈ ಪಕ್ಷಕ್ಕೆ ಬಲವಿಲ್ಲದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ಕೊಟ್ಟ ವರದಿಯಂತೆ, ಲೋಕದಲ್ಲಿ ಆರು ಜನರಿಗೆ ಒಬ್ಬರಂತೆ ಒಂಟಿತನದಿಂದ ಬಾಧೆಪಡುತ್ತಿದ್ದಾರೆ. ಎರಿಕ್ ಪಿಕರ್ಸ್‌ಗಿಲ್ ಎಂಬ ಅಮೆರಿಕದ ಛಾಯಾಗ್ರಾಹಕನು ನ್ಯೂಯಾರ್ಕ್ ಪ್ರಾಂತದ ಟ್ರಾಯ್ ಎಂಬ ಊರಿನ ಕಾಫಿ ಅಂಗಡಿಯಲ್ಲಿ ಒಂದು ಕುಟುಂಬವನ್ನು ಕಂಡನು. ತಂದೆಯೂ ಇಬ್ಬರು ಹೆಣ್ಣುಮಕ್ಕಳೂ ತಮ್ಮ ತಮ್ಮ ಮೊಬೈಲಿನಲ್ಲಿ ಮುಳುಗಿದ್ದರು. ತಾಯಿಯೊಬ್ಬಳು ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಇದು ಅವನ ಮನಸ್ಸನ್ನು ಕಲಕಿತು. ಅಲ್ಲಿಂದ ಅವನು ಜನರ ಅನುಮತಿಯನ್ನು ಪಡೆದು, ಅವರ ಕೈಯಿಂದ ಮೊಬೈಲನ್ನು ತೆಗೆಯಿಸಿ, ಕೈಯನ್ನೂ ಕಣ್ಣನ್ನೂ ಇದ್ದಂತೆಯೇ ಇರಿಸಿಕೊಳ್ಳಲು ಹೇಳಿ ಚಿತ್ರ ತೆಗೆಯತೊಡಗಿದನು. ಒಂದೇ ಮೇಜಿನ ಸುತ್ತ, ಒಂದೇ ಹಾಸಿಗೆಯ ಮೇಲೆ, ಒಬ್ಬರನ್ನೊಬ್ಬರು ನೋಡದೆ ತಮ್ಮ ಬರಿಗೈಯನ್ನು ದಿಟ್ಟಿಸುತ್ತಿರುವ ಆ ಜನರನ್ನು ಕಂಡರೆ ಎಂತಹ ಮನೆಯೊಡೆಯನಿಗೂ ತನ್ನ ಮನೆಯ ನೆನಪಾಗದೆ ಇರದು.

ಆದರೂ ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಏಕಾಕಿತನವು ಮೊಬೈಲಿನೊಂದಿಗೇ ಹುಟ್ಟಿದುದಲ್ಲ. ವಾಕರ್ ಇವಾನ್ಸ್ ಎಂಬ ಛಾಯಾಗ್ರಾಹಕನು 1938ರಿಂದ 1941ರ ವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ, ಕೋಟಿನೊಳಗೆ ಕ್ಯಾಮೆರಾ ಅಡಗಿಸಿಟ್ಟುಕೊಂಡು ಪ್ರಯಾಣಿಕರ ಚಿತ್ರಗಳನ್ನು ತೆಗೆದನು. 1966ರಲ್ಲಿ ಅವು ಪುಸ್ತಕವಾಗಿ ಬಂದವು. ಅಲ್ಲಿ ಯಾರ ಕೈಯಲ್ಲಿಯೂ ಮೊಬೈಲಿಲ್ಲ. ಆದರೂ ಪಕ್ಕಪಕ್ಕದಲ್ಲಿ ಕುಳಿತವರು ಒಬ್ಬರಿಗೊಬ್ಬರು ಯೋಜನಾಂತರ ದೂರದಲ್ಲಿರುವಂತೆ ತೋರುತ್ತಾರೆ. ಮನಸ್ಸು ಮುಚ್ಚಿಕೊಳ್ಳಬೇಕೆಂದಾಗ ಅದಕ್ಕೆ ವೃತ್ತಪತ್ರಿಕೆಯೂ ಬಾಗಿಲಾಗುವುದು, ಮೌನವೂ ಬಾಗಿಲಾಗುವುದು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ಚಿತ್ರಕ್ಕೆ ಕಾಣಿಸುವುದು ಬಗ್ಗಿದ ಕತ್ತು. ಅಂಗೈಯೊಳಗೆ ಏನಿದೆಯೆಂಬುದು ಅದಕ್ಕೆ ಕಾಣಿಸದು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಹಿಂದೆ ಮಗನ ಕ್ಷೇಮಸಮಾಚಾರಕ್ಕೆ ಅಂಚೆಯವನ ದಾರಿ ಕಾಯಬೇಕಾಗಿತ್ತು. ಇಂದು ಪಡುಬಿದ್ರಿಯ ಬಸ್ಸು ನಿಲ್ದಾಣದಲ್ಲಿ ಕುಳಿತ ಮುದುಕಿಯೊಬ್ಬಳು ದುಬಾಯಿಯಲ್ಲಿರುವ ಮೊಮ್ಮಗುವಿನ ಮುಖವನ್ನು ಅಂಗೈಯಲ್ಲಿ ಕಾಣಬಲ್ಲಳು. ಆಕೆಯ ಚಿತ್ರವನ್ನು ತೆಗೆದು ಅದರ ಕೆಳಗೆ ಏಕಾಕಿತನವೆಂದು ಬರೆದರೆ ಅದು ಸತ್ಯವಾದೀತೆ? ಆಕೆಯ ಏಕಾಕಿತನವು ಮೊಬೈಲಿನಿಂದ ಬಂದುದಲ್ಲ. ಮೊಬೈಲು ಅದಕ್ಕೆ ಕಿಂಚಿತ್ ಶಮನ ಮಾತ್ರ. ಬಾಹ್ಯಲಕ್ಷಣದಿಂದ ಅಂತರಂಗವನ್ನು ನಿರ್ಣಯಿಸುವುದು ನಮ್ಮ ಶರಣರು ಒಪ್ಪಿದ ಮಾರ್ಗವಲ್ಲ. ವೇಷವನ್ನು ಕಂಡು ಹೊಗಳುವುದನ್ನು ಅವರು ಹೇಗೆ ಒಪ್ಪಲಿಲ್ಲವೋ, ವೇಷವನ್ನು ಕಂಡು ತೆಗಳುವುದನ್ನೂ ಹಾಗೆಯೇ ಒಪ್ಪಲಿಲ್ಲ.

ಇಲ್ಲಿ ವಿಚಾರವಂತರಾದ ವಾಚಕರಿಗೆ ಮತ್ತೊಂದು ಶಂಕೆ ಬರಬಹುದು. ನಮ್ಮವರೂ ಅಂಗೈಯನ್ನೇ ನೋಡುವವರಲ್ಲವೆ? ಎಡಗೈಯ ಮೇಲೆ ಇಷ್ಟಲಿಂಗವನ್ನಿರಿಸಿ, ಎವೆಯಿಕ್ಕದೆ ನೋಡಿ, ಸುತ್ತಲಿನ ಲೋಕವನ್ನು ಮರೆಯುವುದೇ ನಮ್ಮ ಪೂಜೆ. ಅದೂ ಕಪ್ಪಾಗಿ ಹೊಳೆಯುವ ವಸ್ತು, ಇದೂ ಕಪ್ಪಾಗಿ ಹೊಳೆಯುವ ವಸ್ತು. ಹೊರಗಿನಿಂದ ಚಿತ್ರ ತೆಗೆಯುವವನಿಗೆ ಇವೆರಡರೊಳಗೆ ಏನು ಭೇದ ಕಂಡೀತು? ಈ ಶಂಕೆಯನ್ನು ಸಿಟ್ಟಿನಿಂದ ತಳ್ಳಿಹಾಕಬಾರದು. ಅದರಲ್ಲಿಯೇ ನಮ್ಮ ಉತ್ತರವೂ ಅಡಗಿದೆ.

ಲಿಂಗವು ನೋಡುವವನಿಗೆ ಕ್ಷಣಕ್ಕೊಂದು ಹೊಸತನ್ನು ತೋರಿಸಿ ಚಿತ್ತವನ್ನು ಸೆಳೆಯುವುದಿಲ್ಲ. ಅದು ಇದ್ದಂತೆಯೇ ಇರುವುದು. ಅಲೆದಾಡುವ ಚಿತ್ತವೇ ಬಂದು ಅದರಲ್ಲಿ ನಿಲ್ಲಬೇಕು. ಮೊಬೈಲಾದರೋ ತಾನೇ ಚಿತ್ತದ ಹಿಂದೆ ಓಡುತ್ತ, ಒಂದು ಮುಗಿಯುವುದರೊಳಗೆ ಇನ್ನೊಂದನ್ನು ಮುಂದಿಡುವುದು. ಅಲ್ಲದೆ ಲಿಂಗಪೂಜೆಗೆ ಒಂದು ಮುಕ್ತಾಯವುಂಟು. ಪೂಜೆ ಮುಗಿದೊಡನೆ ಭಕ್ತನು ಜಂಗಮದ ಕಡೆಗೆ, ದಾಸೋಹದ ಕಡೆಗೆ ತಿರುಗಬೇಕು. ಅಲ್ಲಿಗೆ ಹೋಗದ ಪೂಜೆ ಪೂರ್ಣವಲ್ಲ. ಮೊಬೈಲಿನ ನೋಟಕ್ಕೆ ಇಂತಹ ಮುಕ್ತಾಯವಿಲ್ಲ. ಅದು ನೋಡುವವನನ್ನು ಪುನಃ ತನ್ನ ಕಡೆಗೇ ಕರೆಯುವುದು.

ಇಷ್ಟು ಹೇಳಿ ನಮ್ಮ ನೋಟವೇ ಶ್ರೇಷ್ಠವೆಂದು ಸುಮ್ಮನಾದರೆ ಅದು ಅರ್ಧಸತ್ಯವಾಗುವುದು. ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು ಭಕ್ತರು ನೆನೆಯಬೇಕು. ಅಲ್ಲಮಪ್ರಭುಗಳು ಸೊನ್ನಲಿಗೆಯ ಸಿದ್ಧರಾಮಯ್ಯನನ್ನು ಕೂಡಿಕೊಂಡು ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತರು. ಆಗ ಬಸವಣ್ಣನವರು ಒಳಗೆ ಲಿಂಗಾರ್ಚನೆಯಲ್ಲಿ ತನ್ಮಯರಾಗಿದ್ದರು. ತಾವು ಏಳದೆ ಹಡಪದ ಅಪ್ಪಣ್ಣನನ್ನು ಕಳುಹಿಸಿ ಪ್ರಭುಗಳನ್ನು ಕರೆಸಿದರು. ಪ್ರಭುಗಳು ಒಳಗೆ ಬರಲೊಪ್ಪಲಿಲ್ಲ. ಜಂಗಮವು ಬಾಗಿಲಲ್ಲಿ ನಿಂತಿರುವಾಗ ಒಳಗೆ ಲಿಂಗವನ್ನು ಪೂಜಿಸುವುದು ಎಂತಹ ಭಕ್ತಿ ಎಂಬುದೇ ಅಲ್ಲಿಯ ವಿವಾದ. ಕಡೆಗೆ ಬಸವಣ್ಣನವರು ತಾವೇ ಎದ್ದು ಹೊರಗೆ ಬಂದು, ಬೇಡಿಕೊಂಡು ಪ್ರಭುಗಳನ್ನು ಒಳಗೆ ಕರೆದೊಯ್ದರು.

ಈ ಪ್ರಸಂಗದ ತೂಕವನ್ನು ನಾವು ಅರಿಯಬೇಕು. ಸಾಕ್ಷಾತ್ ಲಿಂಗದಲ್ಲಿ ನೆಟ್ಟ ದೃಷ್ಟಿಗೂ, ಅದೂ ಬಸವಣ್ಣನವರ ದೃಷ್ಟಿಗೂ, ಬಾಗಿಲಲ್ಲಿ ನಿಂತವರ ಕಡೆಗೆ ತಿರುಗಲು ತಡವಾದಾಗ ಆಕ್ಷೇಪ ತಪ್ಪಲಿಲ್ಲ. ಹಾಗಾದರೆ ದೋಷವಿರುವುದು ಅಂಗೈಯಲ್ಲಿರುವ ವಸ್ತುವಿನಲ್ಲಿ ಮಾತ್ರವಲ್ಲ; ಬಂದವರನ್ನು ಅರಿಯದ ಮರವೆಯಲ್ಲಿ. ಅವಧಾನವೆಂದರೆ ಒಂದರಲ್ಲಿ ಮುಳುಗಿ ಉಳಿದುದನ್ನು ಮರೆಯುವುದಲ್ಲ. ನೋಡುವುದನ್ನು ಪೂರ್ಣವಾಗಿ ನೋಡುತ್ತಲೇ, ಕರೆದವರ ದನಿಗೆ ಏಳಬಲ್ಲ ಎಚ್ಚರವೇ ಅವಧಾನ. ತನ್ಮಯತೆ ಮೊಬೈಲಿನಲ್ಲಿಯೂ ಉಂಟು. ಅವಧಾನವು ಭಕ್ತಿಯಲ್ಲಿ ಮಾತ್ರ ಉಂಟು.

ಇದೇ ಒರೆಗಲ್ಲಿಗೆ ಛಾಯಾಗ್ರಾಹಕನನ್ನೂ ಹಚ್ಚಿ ನೋಡಬೇಕು. ಅನ್ಯರ ಮರವೆಯನ್ನು ತೋರಿಸುವವನು ತಾನು ಎಚ್ಚರದಲ್ಲಿರುವನೆ? ಬಗ್ಗಿದ ಕತ್ತುಗಳ ಚಿತ್ರವನ್ನು ಕದ್ದು ತೆಗೆದು, ಸಾವಿರಾರು ಜನರ ಮೊಬೈಲಿಗೆ ಕಳುಹಿಸಿ, ಎಷ್ಟು ಮಂದಿ ಮೆಚ್ಚಿದರೆಂದು ಅದೇ ಮೊಬೈಲಿನಲ್ಲಿ ಎಣಿಸುತ್ತ ಕುಳಿತರೆ, ಆತನ ಕತ್ತೂ ಬಗ್ಗಿಯೇ ಇರುವುದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಸಾರ್ವಜನಿಕ ಸ್ಥಳಕ್ಕೆ ಬಂದಮಾತ್ರಕ್ಕೆ ಮನುಷ್ಯನು ಅದನ್ನು ಕಳೆದುಕೊಳ್ಳುವುದಿಲ್ಲವೆಂಬ ಅಭಿಪ್ರಾಯವೂ ಅಲ್ಲಿ ಬಂದಿದೆ. ಕಾನೂನಿನ ಮೇರೆ ಎಲ್ಲಿಯದೇ ಇರಲಿ. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವು ಎಲ್ಲರಿಗಿಂತ ತಾನು ಕಿರಿಯನೆಂಬ ಭಾವವನ್ನು ಬೇಡುತ್ತದೆ. ಆ ಭಾವವುಳ್ಳವನು ಎದುರಿನವರನ್ನು ತನ್ನ ಶೀರ್ಷಿಕೆಗೆ ದೃಷ್ಟಾಂತವಾಗಿ ಮಾಡಿಕೊಳ್ಳನು.

ಹಾಗೆಂದು ಆ ಕಲೆಯೇ ನಿಂದ್ಯವಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಕ್ಯಾಮೆರಾ ಹಿಡಿದು ಜೀವಮಾನವೆಲ್ಲ ಸಾಮಾನ್ಯ ಜನರ ನಡುವೆ ಓಡಾಡಿದವರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿತವಾದವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ದುಡಿಯುವವರಿದ್ದಾರೆ, ಪರಿಹಾಸಕ್ಕೆ ಗುರಿಯಾದವರಿಲ್ಲ. ಮೇಲೆ ಹೇಳಿದ ಪಿಕರ್ಸ್‌ಗಿಲ್ಲನೂ ಒಂದು ಒಳ್ಳೆಯ ಕಾರ್ಯವನ್ನು ಮಾಡಿದನು. ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಬರಿಗೈಯನ್ನು ನೋಡುತ್ತಿರುವ ದಂಪತಿಗಳ ಚಿತ್ರವೊಂದು ಅವನ ಮಾಲಿಕೆಯಲ್ಲಿದೆ. ಆ ದಂಪತಿಗಳು ಅವನೂ ಅವನ ಹೆಂಡತಿಯೂ. ಲೋಕದ ಕೊರತೆಯನ್ನು ತೋರಿಸುವವನು ತನ್ನನ್ನು ಲೋಕದಿಂದ ಹೊರಗಿರಿಸಿಕೊಳ್ಳಲಿಲ್ಲ. ಅನ್ಯರನ್ನು ತಿದ್ದುವುದಕ್ಕೆ ಮೊದಲು ತನ್ನನ್ನು ನೋಡಿಕೊಳ್ಳಬೇಕೆಂಬ ಅಣ್ಣನವರ ಉಪದೇಶವನ್ನು ಅರಿಯದೆಯೇ ಅವನು ಆಚರಿಸಿದನು.

ಗೃಹಸ್ಥರಾದ ಭಕ್ತರಿಗೆ ಇದರಿಂದ ಏನು ಕರ್ತವ್ಯವೆಂದು ಕೇಳಿದರೆ, ಮೊಬೈಲನ್ನು ಬಿಸಾಡಿರೆಂದು ನಾವು ಹೇಳುವುದಿಲ್ಲ. ಅದು ಆಗುವ ಮಾತೂ ಅಲ್ಲ, ಮಗನ ದನಿಗೆ ಕಾದಿರುವ ತಾಯಿಗೆ ಹಿತವಾದ ಮಾತೂ ಅಲ್ಲ. ಪೂಜೆಯ ವೇಳೆಯಲ್ಲಿ ಅದು ಪೂಜೆಯ ಕೋಣೆಯೊಳಗೆ ಬಾರದಿರಲಿ. ಪ್ರಸಾದ ಸ್ವೀಕರಿಸುವ ಪಂಕ್ತಿಯಲ್ಲಿ ಅದು ಎಲೆಯ ಪಕ್ಕದಲ್ಲಿರದಿರಲಿ. ಮನೆಗೆ ಯಾರಾದರೂ ಬಂದರೆ, ಶಾಲೆಯಿಂದ ಮಗು ಬಂದರೆ, ಗದ್ದೆಯಿಂದ ಆಳು ಬಂದರೆ, ಅದನ್ನು ಕೆಳಗಿಟ್ಟು ತಲೆಯೆತ್ತಿ, ಬಂದಿರಾ ಎಂದು ಕೇಳುವುದು ರೂಢಿಯಾಗಲಿ. ಮಕ್ಕಳಿಗೆ ಬುದ್ಧಿ ಹೇಳುವುದಕ್ಕೆ ಮೊದಲು ಹಿರಿಯರು ಇದನ್ನು ಮಾಡಿ ತೋರಿಸಲಿ. ಬೀದಿಯಲ್ಲಿ ತಲೆಬಗ್ಗಿಸಿ ಕುಳಿತವನನ್ನು ಕಂಡಾಗ ಅವನನ್ನು ಹಳಿಯದೆ, ಮೆಲ್ಲನೆ ಮಾತನಾಡಿಸಿ ನೋಡೋಣ. ಅವನು ತಲೆಯೆತ್ತದಿದ್ದರೆ ನಮಗೆ ನಷ್ಟವಿಲ್ಲ. ಎತ್ತಿದರೆ ಇಬ್ಬರಿಗೂ ಲಾಭ.

ಕಣ್ಣು ಶಿವಲಿಂಗದ ಮುಖವೆಂದು ನಮ್ಮ ಹಿರಿಯರು ಹೇಳಿದ್ದು ಪೂಜೆಯ ಕಾಲಕ್ಕೆ ಮಾತ್ರ ಸಲ್ಲುವ ಮಾತಲ್ಲ. ಬಸ್ಸು ನಿಲ್ದಾಣದಲ್ಲಿಯೂ ಅದು ಶಿವಲಿಂಗದ ಮುಖವೇ. ಆ ಕಣ್ಣಿಗೆ ಪಕ್ಕದಲ್ಲಿ ಕುಳಿತವರು ಕಾಣುವಂತಾಗಲೆಂದು ಗುರುಲಿಂಗಜಂಗಮರಲ್ಲಿ ಪ್ರಾರ್ಥಿಸುವೆವು.