ಗೆದ್ದ ಮೇಲಿನ ನಲವತ್ತು ದಿನ

ಯರಗಟ್ಟಿಯಿಂದ ಹೊರಟವನು ಒಂದು ಹಗಲೊಳಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೆಲ್ಲ ಮುಟ್ಟಿ ಬರಬಹುದು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಶೀಲವೆಂದರೇನೆಂಬ ಪ್ರಶ್ನೆಯ ಉತ್ತರವು ಬಾಲ್ಯದಲ್ಲಿಯೇ, ಲಾವಣಿಗಳ ಮೂಲಕವೂ ಕುದುರೆಯೇರಿದ ಪ್ರತಿಮೆಗಳ ಮೂಲಕವೂ, ದೊರೆತುಬಿಟ್ಟಿರುತ್ತದೆ: ಆಪತ್ತು ಬಂದಾಗ ಖಡ್ಗ ಹಿರಿದು ನಿಲ್ಲುವುದು ಶೀಲ, ಬೆನ್ನು ತೋರುವುದು ಶೀಲಭ್ರಂಶ. ಈ ಉತ್ತರ ಸುಳ್ಳಲ್ಲ. ಆದರೆ ಅದು ಧೈರ್ಯವನ್ನೇ ಶೀಲವೆಂದು ಬಗೆದಿದೆ, ಧೈರ್ಯವಾದರೋ ದರೋಡೆಗಾರನಲ್ಲಿಯೂ ಉಂಟು. ಅಲೆಕ್ಸಾಂಡರನ ಜೀವನಚರಿತ್ರೆಯನ್ನು ಬರೆಯಹೊರಟ ಗ್ರೀಕ್ ಲೇಖಕ ಪ್ಲೂಟಾರ್ಕನು, ಸಾವಿರಾರು ಜನ ಮಡಿದ ಕಾಳಗಗಳಿಗಿಂತ ಒಮ್ಮೊಮ್ಮೆ ಒಂದು ಸಣ್ಣ ಮಾತು, ಒಂದು ವಿನೋದ, ಮನುಷ್ಯನ ಸ್ವಭಾವವನ್ನು ಹೆಚ್ಚು ನಿಚ್ಚಳವಾಗಿ ತೋರಬಲ್ಲುದೆಂದು ಮೊದಲಿಗೇ ಹೇಳಿ, ಯುದ್ಧಗಳನ್ನೆಲ್ಲ ವಿಸ್ತರಿಸಲಿಲ್ಲವೆಂದು ಓದುಗರು ಆಕ್ಷೇಪಿಸಬಾರದೆಂದು ಕೇಳಿಕೊಂಡನು. ನಮ್ಮ ಕಿತ್ತೂರಿನ ಕಥೆಯನ್ನೂ ಆ ದೃಷ್ಟಿಯಿಂದ ಒಮ್ಮೆ ನೋಡಬೇಕಾಗಿದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಬಾಗಿಲಲ್ಲಿ ನಡೆದುದು ಎಲ್ಲರಿಗೂ ಗೊತ್ತು. ಅರಸುಮನೆತನದ ದತ್ತಕವನ್ನು ಒಪ್ಪದೆ ಸಂಸ್ಥಾನದ ಬೊಕ್ಕಸಕ್ಕೆ ಕೈಯಿಕ್ಕಲು ಬಂದ, ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಂದು ಹತನಾದನು. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು. ಎಲಿಯಟನಿಗೆ ಆಗ ಇಪ್ಪತ್ತೊಂದು ವಯಸ್ಸು. ಲಾವಣಿಯ ಕಂಠ ಏರುವುದು ಇಲ್ಲಿಯವರೆಗೆ. ನನ್ನ ಕುತೂಹಲ ಮೊದಲಾಗುವುದು ಇಲ್ಲಿಂದ ಮುಂದೆ. ಡಿಸೆಂಬರ್ ಆರಂಭದಲ್ಲಿ ದೊಡ್ಡ ಸೈನ್ಯ ಬಂದು ಮುತ್ತುವವರೆಗಿನ ಸುಮಾರು 40 ದಿನ ಈ ಇಬ್ಬರು ತರುಣರ ಪ್ರಾಣ ಕಿತ್ತೂರಿನ ರಾಣಿ ಚೆನ್ನಮ್ಮನ ಒಂದು ಮಾತಿನ ಮೇಲೆ ನಿಂತಿತ್ತು. ತನ್ನ ಮನೆತನದ ಹಕ್ಕನ್ನು ಅಲ್ಲಗಳೆದವರ ಕಡೆಯವರು, ತನ್ನ ಪ್ರಜೆಗಳ ಮೇಲೆ ತೋಪು ತಿರುಗಿಸಿದವರ ಕಡೆಯವರು. ಅವರ ಮೇಲೆ ಸೇಡು ತೀರಿಸಿಕೊಂಡಿದ್ದರೆ ಆ ದಿನ ಕಿತ್ತೂರಿನ ಪೇಟೆಯಲ್ಲಿ ಒಬ್ಬನಾದರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಅವರನ್ನು ಮರ್ಯಾದೆಯಿಂದ ನಡೆಸಿಕೊಂಡರು. ಕೊನೆಗೆ ಕಂಪನಿಯವರ ಬೇಡಿಕೆಯಂತೆ ಬಿಟ್ಟೂ ಕಳಿಸಿದರು. ಬಿಟ್ಟು ಕಳಿಸಿದ ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು.

ಇದು ಶೀಲವಲ್ಲ, ರಾಜನೀತಿ ಎಂದು ಹೇಳುವವರಿದ್ದಾರೆ. ಒತ್ತೆಯಾಳು ಬದುಕಿದ್ದರೆ ತಾನೆ ಬೆಲೆ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಚೆನ್ನಮ್ಮ ರಾಜಕಾರಣ ಬಲ್ಲ ಹೆಂಗಸು. ಲಾಭನಷ್ಟದ ಲೆಕ್ಕ ಆಕೆಯ ಮನಸ್ಸಿನಲ್ಲಿ ಇದ್ದೇ ಇದ್ದೀತು. ಆದರೆ ಲೆಕ್ಕಾಚಾರವು ಸೆರೆಯಾಳನ್ನು ಜೀವದಿಂದ ಇರಿಸೆಂದು ಹೇಳುವುದೇ ಹೊರತು ಗೌರವದಿಂದ ಇರಿಸೆಂದು ಹೇಳುವುದಿಲ್ಲ. ಆ ಎರಡರ ನಡುವಣ ಅಂತರವನ್ನು ತುಂಬುವ ವಸ್ತು ಬೇರೆಯದು. ಹಾಗಲ್ಲದೆ, ಸ್ವಾರ್ಥದ ಲೇಶವೂ ಸೋಕದ ಕೃತ್ಯವನ್ನೇ ಶೀಲವೆಂದು ಕರೆಯುವುದಾದರೆ ಆ ಹೆಸರಿಗೆ ಅರ್ಹನಾದ ಮನುಷ್ಯ ಭೂಮಿಯ ಮೇಲೆ ಸಿಕ್ಕಲಾರನು. ಕಿತ್ತೂರಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನ ಜಮೀನು ಕಂಪನಿಯ ಆಳಿಕೆಯಲ್ಲಿ ಕೈಬಿಟ್ಟಿತು, ಅದಕ್ಕಾಗಿ ಅವನು ಬಂಡೆದ್ದನು ಎಂದು ಬರೆಯುವವರೂ ಉಂಟು, ಆಗಿರಬಹುದು. ಹೊಲ ಕಳೆದುಕೊಂಡವರು ಆ ಕಾಲದಲ್ಲಿ ಬಹುಮಂದಿ, 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೆ ಕೊರಳೊಡ್ಡುವವರೆಗೆ ನಡೆದವನು ಮಾತ್ರ ಅವನು.

ಒಂದೇ ಅನ್ಯಾಯಕ್ಕೆ ಗುರಿಯಾದವರು ಒಂದೇ ಬಗೆಯಾಗಿ ನಡೆಯುವುದಿಲ್ಲವೆಂಬುದಕ್ಕೆ ಇದೇ ಸೀಮೆಯಲ್ಲಿ ಇನ್ನೊಂದು ಸಾಕ್ಷಿ ಇದೆ. ಕಿತ್ತೂರಿನಂತೆಯೇ ದತ್ತಕವನ್ನು ನಿರಾಕರಿಸಲ್ಪಟ್ಟವನು ನರಗುಂದದ ಅರಸ ಬಾಬಾಸಾಹೇಬ. 1858ರ ಮೇ ಕೊನೆಯಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ್ದ ಕಂಪನಿಯ ಅಧಿಕಾರಿ ಮ್ಯಾನ್ಸನ್ನನ ಮೇಲೆ ಬಾಬಾಸಾಹೇಬನ ಕಡೆಯವರು ರಾತ್ರಿಯಲ್ಲಿ ಬಿದ್ದು ಅವನನ್ನು ಕೊಂದರು. ಕಡಿದ ತಲೆಯನ್ನು ನರಗುಂದಕ್ಕೊಯ್ದು ಅಗಸೆಗೆ ತೂಗುಹಾಕಿದರು. ಮುಂದೆ ಹೋಗಬೇಡವೆಂದು ಮ್ಯಾನ್ಸನ್ನನಿಗೆ ಎಚ್ಚರಿಕೆ ಕೊಟ್ಟವನು ಬಾಬಾಸಾಹೇಬನ ಮಲಸೋದರನೇ ಆದ ರಾಮದುರ್ಗದ ಅರಸ. ಒಂದು ಮನೆತನ, ಇಬ್ಬರು ಸೋದರರು, ಎರಡು ದಾರಿ! ಬಾಬಾಸಾಹೇಬನೂ ಗಲ್ಲಿಗೆ ಅಂಜದ ವೀರನೇ. ಅವನ ಬಲಿದಾನಕ್ಕೆ ಕೈಮುಗಿಯುತ್ತೇನೆ. ಆದರೆ ಅಗಸೆಗೆ ಕಟ್ಟಿದ ಆ ತಲೆಯನ್ನೂ ಕಿತ್ತೂರಿನ ಆ ನಲವತ್ತು ದಿನಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡೂ ದೇಶಾಭಿಮಾನವೇ ಅಲ್ಲವೆ ಎಂದು ಸುಮ್ಮನಾಗಲು ನನ್ನಿಂದ ಸಾಧ್ಯವಿಲ್ಲ. ಸತ್ತವನೂ ಸೆರೆಯವನೂ ನಮ್ಮನ್ನು ಏನೂ ಮಾಡಲಾರರು. ಅಂಥವರೆದುರು ನಾವು ಮಾಡುವುದರಲ್ಲಿ ನಮ್ಮೊಳಗಿನದು ಹೊರಗೆ ಬರುತ್ತದೆ.

ಅದು ಒಳಗೆ ಕೂಡಿಬರುವ ಬಗೆ ಹೇಗೆ? ನ್ಯಾಯದ ಕೆಲಸಗಳನ್ನು ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುವನೆಂದು ಅರಿಸ್ಟಾಟಲ್ ಹೇಳಿದನು. ಅಭ್ಯಾಸಬಲವನ್ನು ನಮ್ಮ ಶಾಸ್ತ್ರಕಾರರೂ ಒಪ್ಪುತ್ತಾರೆ. ನಮ್ಮ ಎರೆಹೊಲದ ಹಿಂಗಾರಿ ಜೋಳವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮಳೆ ಹಿಂದೆ ಸರಿದ ಮೇಲೆ ಬಿತ್ತಿದ ಆ ಬೆಳೆ ಚಳಿಗಾಲವನ್ನೆಲ್ಲ ಕಳೆಯುವುದು ಮೋಡವನ್ನು ನಂಬಿ ಅಲ್ಲ, ಎರೆಮಣ್ಣು ಮೊದಲೇ ಹಿಡಿದಿಟ್ಟುಕೊಂಡ ಹಸಿಯನ್ನು ನಂಬಿ. ಚೆನ್ನಮ್ಮನ ಮಟ್ಟಿಗೆ ಆ ಮಳೆಗಾಲ ದೀರ್ಘವಾಗಿತ್ತು. ಪತಿ ಮಲ್ಲಸರ್ಜನನ್ನು ಪೇಶ್ವೆಯು ಪುಣೆಯಲ್ಲಿ ವರ್ಷಗಟ್ಟಲೆ ಸೆರೆಯಿಟ್ಟಿದ್ದನು. ರೋಗಿಯಾಗಿ ಬಿಡುಗಡೆ ಹೊಂದಿ ಊರ ಕಡೆ ಬರುತ್ತಿದ್ದಾಗ, 1816ರಲ್ಲಿ, ದಾರಿಯಲ್ಲಿಯೇ ಅವನು ಅಸುನೀಗಿದನು. ಸೆರೆಯಾಳಿನ ಮಡದಿಯಾಗಿದ್ದವಳ ಕೈಗೆ ಎಂಟು ವರ್ಷಗಳ ಮೇಲೆ ಬೇರೊಬ್ಬರ ಮಕ್ಕಳು ಸೆರೆಯಾಳಾಗಿ ಬಂದರು.

ಹಾಗೆಂದು ದುಃಖವೇ ಆಕೆಯನ್ನು ದಯಾವಂತೆಯನ್ನಾಗಿ ಮಾಡಿತೆಂದು ಒಮ್ಮೆಗೇ ತೀರ್ಮಾನಿಸಲಾಗದು. ಪತಿಯನ್ನು ಸೆರೆಯಿಂದಾಗಿ ಕಳೆದುಕೊಂಡ ಇನ್ನೊಬ್ಬಳು ಅದೇ ದುಃಖವನ್ನು ವಿಷವಾಗಿಸಿಕೊಂಡು, ನಾನು ಉಂಡುದನ್ನು ಇವರೂ ಉಣ್ಣಲಿ ಎಂದುಬಿಡಬಹುದಾಗಿತ್ತು. ಮನುಷ್ಯರಲ್ಲಿ ಹೆಚ್ಚಿನವರು ಹಾಗೆಯೇ ಎನ್ನುತ್ತಾರೆ. ಅತ್ತೆಯ ಕಾಟ ತಿಂದ ಸೊಸೆ ಮುಂದೆ ಎಂಥ ಅತ್ತೆಯಾಗುವಳೆಂಬುದನ್ನು ನೋಡಲು ಕಿತ್ತೂರಿನವರೆಗೆ ಹೋಗಬೇಕಾಗಿಯೂ ಇಲ್ಲ. ಅನುಭವವು ಇಬ್ಬರಿಗೂ ಸಮಾನ. ಅದನ್ನು ತನ್ನೊಳಗೆ ಏನನ್ನಾಗಿ ಮಾಡಿಕೊಳ್ಳಬೇಕೆಂಬ ನಿರ್ಣಯವು, ದಿನದಿನದ ಅಲ್ಪಸ್ವಲ್ಪ ವ್ಯವಹಾರಗಳಲ್ಲಿ, ಯಾರ ಲಕ್ಷ್ಯಕ್ಕೂ ಬಾರದೆ ನಡೆದುಹೋಗಿರುತ್ತದೆ. ಕಿತ್ತೂರಿನ ಉಪ್ಪುಂಡೇ ಕಿತ್ತೂರಿಗೆ ಕೇಡು ಬಗೆದರೆಂದು ಜನ ಇಂದಿಗೂ ಶಪಿಸುವ ಮಲ್ಲಪ್ಪಶೆಟ್ಟಿ, ವೆಂಕಟರಾಯರ ನಿರ್ಣಯವೂ ಇಂಥ ಯಾವುದೋ ಹೆಸರಿಲ್ಲದ ದಿನ ಆಗಿಹೋಗಿರಬೇಕು.

ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಬಿಡುಗಡೆ ಹೊಂದಿದ ಎಲಿಯಟ್ ಮುಂದೆ ಕನ್ನಡ ನಾಡಿನಲ್ಲಿ ಅಲೆದು 595 ಶಾಸನಗಳ ಪ್ರತಿಗಳನ್ನು ಕೂಡಿಸಿದನು. ಚಾಲುಕ್ಯರ ಇತಿಹಾಸವನ್ನು ಬರೆದವರಿಗೆ ಆ ಸಂಗ್ರಹ ಬಹುಕಾಲ ಆಧಾರವಾಯಿತು. ಇದನ್ನು ಕೇಳಿದವರು, ನೋಡಿದಿರಾ, ರಾಣಿಯ ಔದಾರ್ಯ ನಾಡಿಗೆ ಫಲ ಕೊಟ್ಟಿತು ಎಂದು ಹಿಗ್ಗುವುದುಂಟು. ಆ ಹಿಗ್ಗಿನಲ್ಲಿ ನಾನು ಪಾಲುಗೊಳ್ಳಲಾರೆ. ಎಲಿಯಟ್ ಒಂದು ಶಾಸನವನ್ನೂ ಓದದೆ, ಕಂದಾಯ ವಸೂಲಿ ಮಾಡುತ್ತಲೇ ಮುದುಕನಾಗಿ ಸತ್ತಿದ್ದರೂ, ಆ ನಲವತ್ತು ದಿನಗಳ ತೂಕದಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.