ಅಡುಗೆಮನೆಯ ಋಣ

ಗೃಹಸ್ಥನ ಮನೆಯೊಳಗೇ ಐದು ವಧಾಸ್ಥಾನಗಳಿವೆ ಎಂಬ ಮಾತು ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ ಮತ್ತು ನೀರಿನ ಕೊಡ ಎಂಬ ಈ ಐದಕ್ಕೆ ಪಂಚಸೂನೆ ಎಂದು ಹೆಸರು. ಸೂನೆ ಎಂದರೆ ಕಸಾಯಿಖಾನೆ. ಒಲೆ ಹೊತ್ತಿಸಿದರೆ ಸೌದೆಯೊಳಗಿನ ಹುಳು ಸುಡುತ್ತದೆ, ಕಸ ಗುಡಿಸಿದರೆ ಇರುವೆ ಸಾಯುತ್ತದೆ, ಕೊಡ ಇಟ್ಟ ಜಾಗದಲ್ಲಿ ಏನೋ ಒಂದು ನಜ್ಜಾಗುತ್ತದೆ. ಶಾಸ್ತ್ರಕಾರರು ಇದನ್ನು ಕಂಡೂ ಕಾಣದಂತೆ ಬಿಡಲಿಲ್ಲ, ಅಡುಗೆಯನ್ನೇ ಬಿಡಬೇಕೆಂದೂ ವಿಧಿಸಲಿಲ್ಲ. ತಪ್ಪಿಸಲಾಗದ ಈ ಹಿಂಸೆಯನ್ನು ಅವರು ದಿನದಿನವೂ ತೀರಿಸಬೇಕಾದ ಋಣವೆಂದು ಎಣಿಸಿ, ತೀರಿಸುವ ದಾರಿಯಾಗಿ ಪಂಚಮಹಾಯಜ್ಞಗಳನ್ನು ಹೇಳಿದರು. ಅವುಗಳಲ್ಲಿ ಈ ಚರ್ಚೆಗೆ ಮುಖ್ಯವಾದವು ಎರಡು: ನಾಯಿ, ಕಾಗೆ, ಕ್ರಿಮಿಗಳಿಗೆ ಅನ್ನ ಇಡುವ ಭೂತಯಜ್ಞ, ಮತ್ತು ಮನೆಗೆ ಬಂದ ಮನುಷ್ಯರಿಗೆ ಊಟ ಹಾಕುವ ನೃಯಜ್ಞ. ಕೊಂದ ಕೈಯೇ ಉಣಿಸಬೇಕು ಎಂಬುದು ಈ ವಿಧಿಯ ಒಳತಿರುಳು.

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಬಯಲುಸೀಮೆಯಲ್ಲಿ ಈ ಋಣವನ್ನು ಶಾಸ್ತ್ರ ಓದಿದವರಿಗಿಂತ ಹೆಚ್ಚಾಗಿ ಓದದವರೇ ತೀರಿಸಿಕೊಂಡು ಬಂದರು. ಮಳೆಯನ್ನು ನಂಬುವಂತಿಲ್ಲದ ನೆಲದಲ್ಲಿ ಧಾನ್ಯ ಕಾಯುವುದು ಜೀವ ಕಾಯುವಷ್ಟೇ ದೊಡ್ಡ ಕೆಲಸ. ಆದ್ದರಿಂದ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದಲ್ಲಿ ತೋಡಿದ ಗಾಳಿಯಾಡದ ಕಣಜದಲ್ಲಿ, ತುಂಬಿಡುತ್ತಿದ್ದರು; ಅವರೆ ತೊಗರಿಗಳಿಗೆ ಕೆಮ್ಮಣ್ಣು ಸವರುತ್ತಿದ್ದರು, ಕಾಳಿನ ಗುಡಾಣಕ್ಕೆ ಬೇವಿನ ಸೊಪ್ಪನ್ನೋ ಲಕ್ಕಿ ಸೊಪ್ಪನ್ನೋ ಹಾಕುತ್ತಿದ್ದರು, ಬೂದಿ ಬೆರೆಸುತ್ತಿದ್ದರು. ಈ ಉಪಾಯಗಳ ಗುರಿ ಹುಳುವನ್ನು ಬೆನ್ನಟ್ಟಿ ಕೊಲ್ಲುವುದಕ್ಕಿಂತ ಅದು ಒಳಗೆ ಬಾರದಂತೆ ತಡೆಯುವುದಾಗಿತ್ತು ಎಂಬುದನ್ನು ಗಮನಿಸಬೇಕು. ಅದೇ ಒಕ್ಕಲು ಕಣದಲ್ಲಿ ಬಿದ್ದ ಕಾಳನ್ನು ಗುಬ್ಬಿಗಳಿಗೆ ಬಿಡುತ್ತಿತ್ತು, ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಟ್ಟು ಅದು ಮುಟ್ಟುವವರೆಗೆ ಕಾಯುತ್ತಿತ್ತು. ಪಾವಗಡದ ಶನಿಮಹಾತ್ಮನ ಸನ್ನಿಧಿಗೆ ನಡೆದುಕೊಳ್ಳುವವರಿಗೆ ಕಾಗೆ ಆ ದೇವರ ವಾಹನ. ಹನ್ನೆರಡನೆಯ ಶತಮಾನದ ಬಸವಣ್ಣನವರಿಗಾದರೋ ಅದು ಗುರುವಿನ ಸ್ಥಾನದಲ್ಲಿದೆ: ಒಂದು ಅಗುಳು ಕಂಡೊಡನೆ ತನ್ನ ಬಳಗವನ್ನು ಕೂಗುವ ಆ ಹಕ್ಕಿಯನ್ನು ತೋರಿಸಿ, ಹಂಚದ ಭಕ್ತನಿಗಿಂತ ಅದೇ ಮೇಲು ಎಂದು ಅವರು ಹೇಳಿದರು.

ಈ ಊರುಗಳಿಂದ ಬೆಂಗಳೂರಿಗೋ ತುಮಕೂರಿಗೋ ಹೋಗಿ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದ ಕುಟುಂಬದ ಮನೆಯಲ್ಲಿ ಒರಳಿಲ್ಲ, ಬೀಸುವ ಕಲ್ಲಿಲ್ಲ, ಕಣವಂತೂ ಇಲ್ಲವೇ ಇಲ್ಲ. ಆದರೆ ಸೂನೆ ಹೋಗಿಲ್ಲ, ರೂಪ ಬದಲಿಸಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಕಟ್ಟಡವನ್ನು ಒಬ್ಬೊಬ್ಬರಿಗೆ ಸೇರಿದ ಮನೆಗಳೆಂದೂ ಎಲ್ಲರಿಗೂ ಒಟ್ಟಾಗಿ ಸೇರಿದ ಸಾಮಾನ್ಯ ಪ್ರದೇಶವೆಂದೂ ವಿಂಗಡಿಸುತ್ತದೆ. ಆ ಸಾಮಾನ್ಯ ಪ್ರದೇಶದಲ್ಲಿ ಪ್ರತಿ ಮಾಲೀಕನಿಗೂ ಇರುವುದು ತುಂಡರಿಸಿ ಬೇರೆ ಮಾಡಲಾಗದ ಪಾಲು. ಜಿರಳೆಗೆ ಈ ವಿಂಗಡಣೆ ತಿಳಿಯದು. ಪೈಪುಗಳು ಇಳಿಯುವ ಶಾಫ್ಟಿನಲ್ಲಿ, ಗೋಡೆಯ ಬಿರುಕಿನಲ್ಲಿ, ಸಿಂಕಿನ ಕೆಳಗಿನ ತೂತಿನಲ್ಲಿ ಅದು ಮನೆಯಿಂದ ಮನೆಗೆ ಸಂಚರಿಸುತ್ತದೆ. ಎರಡನೆಯ ಮಹಡಿಯವರು ಔಷಧ ಹೊಡೆಸಿದರೆ ಮೂರನೆಯ ಮಹಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹೆಸರೂ ತಿಳಿಯದ ನೆರೆಹೊರೆಯವರ ನಡುವೆ ದಿನನಿತ್ಯದ ನಂಟನ್ನು ಉಳಿಸಿಕೊಂಡಿರುವ ಜೀವಿ ಬಹುಶಃ ಅದೊಂದೇ.

ಆ ಜೀವಿಯ ಚರಿತ್ರೆ ಧರ್ಮಚಿಂತನೆಗೆ ದೊಡ್ಡ ಪ್ರಶ್ನೆಯೊಂದನ್ನು ಒಡ್ಡುತ್ತದೆ. ಅಡುಗೆಮನೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಕಂದು ಜಿರಳೆಗೆ ಜೀವವಿಜ್ಞಾನಿ ಲಿನ್ನೇಯಸ್ 1767ರಲ್ಲಿ ಜರ್ಮನಿಯ ಹೆಸರಿಟ್ಟ. ಆದರೆ 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಅದರ ಮೂಲ ಯೂರೋಪು ಅಲ್ಲ. ಸುಮಾರು 2100 ವರ್ಷಗಳ ಹಿಂದೆ ಭಾರತದಲ್ಲೋ ಮ್ಯಾನ್ಮಾರಿನಲ್ಲೋ ಮನುಷ್ಯರ ವಸತಿಗಳಿಗೆ ಹೊಂದಿಕೊಂಡ ಏಷ್ಯಾದ ಜಿರಳೆಯೊಂದರಿಂದ ಅದು ಹುಟ್ಟಿತು. ಇಂದು ಅದು ಕಾಡಿನಲ್ಲಿ ಎಲ್ಲಿಯೂ ಬದುಕಿಲ್ಲ. ಮನುಷ್ಯನ ಮನೆಯೇ ಅದರ ಏಕೈಕ ಮನೆ. ಹಾವನ್ನು ಹಿಡಿದು ಕಾಡಿಗೆ ಬಿಟ್ಟಂತೆ ಇದನ್ನು ಬಿಟ್ಟು ಬರಲು ಬೇರೆ ಜಾಗವೇ ಇಲ್ಲ. ಹಾಗೆಂದು ಜೊತೆಗೆ ಇಟ್ಟುಕೊಳ್ಳೋಣವೆಂದರೆ ಅದರ ಮೈಯಿಂದ, ಹಿಕ್ಕೆಯಿಂದ ಬರುವ ಕಣಗಳು ಎಳೆಯ ಮಕ್ಕಳಲ್ಲಿ ಅಸ್ತಮಾ ಕೆರಳಿಸುತ್ತವೆ. ಅತಿಥಿಯೂ ಅಲ್ಲದ, ಕಾಡುಪ್ರಾಣಿಯೂ ಅಲ್ಲದ ಈ ಆಶ್ರಿತನ ವಿಷಯದಲ್ಲಿ ಹಳೆಯ ಯಾವ ವರ್ಗವೂ ಸರಿಯಾಗಿ ಹೊಂದುವುದಿಲ್ಲ.

ಅದನ್ನು ಕೊಲ್ಲುವ ಇಂದಿನ ವಿಧಾನವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಕೀಟ ನಿಯಂತ್ರಣದವರು ಕಪಾಟಿನ ಮೂಲೆಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಇಡುವ ಜೆಲ್ ಎಂಬುದು ವಿಷ ಬೆರೆಸಿದ ಆಹಾರ. ತಿಂದ ಜಿರಳೆ ಅಲ್ಲೇ ಸಾಯದೆ ತನ್ನ ಗುಂಪಿರುವ ಬಿರುಕಿಗೆ ಮರಳುತ್ತದೆ. ಅದರ ಹಿಕ್ಕೆಯನ್ನು ಮರಿಗಳು ತಿನ್ನುತ್ತವೆ, ಸತ್ತ ಮೇಲೆ ಅದರ ದೇಹವನ್ನೂ ಉಳಿದವು ತಿನ್ನುತ್ತವೆ, ವಿಷ ಹಾಗೆಯೇ ಹರಡುತ್ತದೆ. ಅಂದರೆ ಈ ಔಷಧದ ಬಲವೆಲ್ಲ ಆ ಜೀವಿಗಳ ಸಹಬಾಳ್ವೆಯಲ್ಲಿದೆ. ಬಸವಣ್ಣನವರು ಕಾಗೆಯಲ್ಲಿ ಮೆಚ್ಚಿದ ಗುಣದ ಅತಿ ಕೆಳಗಿನ ರೂಪವೇ ಇಲ್ಲಿ ಕೊಲೆಯ ಸಾಧನ. ಇದರ ಪರಿಣಾಮ ಮುಂದಿನ ಪೀಳಿಗೆಗಳಿಗೂ ಹೋಯಿತು. ಸಿಹಿಗಾಗಿ ಗ್ಲೂಕೋಸ್ ಬೆರೆಸಿದ ವಿಷದಿಂದ ಬದುಕುಳಿದವು ಗ್ಲೂಕೋಸನ್ನು ಕಹಿಯೆಂದೇ ಅರಿಯುವ ಜಿರಳೆಗಳು ಎಂದು 1990ರ ದಶಕದಲ್ಲಿ ತಿಳಿದುಬಂತು. ಗಂಡು ಜಿರಳೆ ಕೂಡುವ ಮುನ್ನ ಹೆಣ್ಣಿಗೆ ತನ್ನ ಬೆನ್ನಿನಿಂದ ಒಸರುವ ಸಿಹಿರಸವನ್ನು ಉಣಿಸುತ್ತದೆ. ಆ ರಸ ಹೆಣ್ಣಿನ ಜೊಲ್ಲಿಗೆ ಸೇರಿ ಗ್ಲೂಕೋಸ್ ಆಗುವುದರಿಂದ, ಈ ಹೊಸ ಬಗೆಯ ಹೆಣ್ಣುಗಳು ಅದನ್ನೂ ಬಿಟ್ಟು ದೂರ ಸರಿಯುತ್ತವೆ ಎಂದು ಅನಂತರದ ಸಂಶೋಧನೆ ತೋರಿಸಿತು. ಮನುಷ್ಯ ಅನ್ನದಲ್ಲಿ ಇಟ್ಟ ವಿಷ ಆ ಜೀವಿಗಳು ತಮ್ಮೊಳಗೆ ಒಂದಕ್ಕೊಂದು ಕೊಡುವ ತುತ್ತನ್ನೂ ಮುಟ್ಟಿತು.

ಅನ್ನದ ಮೂಲಕ ಕೊಲ್ಲುವುದನ್ನು ಭಾರತೀಯ ಧರ್ಮಚಿಂತನೆ ಬೇರೆಯೇ ದರ್ಜೆಯ ಪಾಪವೆಂದು ಬಗೆದಿದೆ. ಆತತಾಯಿಗಳು, ಅಂದರೆ ಮೇಲೇರಿ ಬಂದ ಘೋರ ಅಪರಾಧಿಗಳು ಎಂದು ಎಣಿಸಿದ ಆರು ಮಂದಿಯಲ್ಲಿ ಮನೆಗೆ ಬೆಂಕಿ ಇಡುವವನ ಜೊತೆಯಲ್ಲೇ ಗರದ, ಎಂದರೆ ವಿಷ ಉಣಿಸುವವನು, ಬರುತ್ತಾನೆ. ಕಾರಣ ಸ್ಪಷ್ಟವಾಗಿದೆ: ಕತ್ತಿ ಎತ್ತಿದವನ ಎದುರು ಓಡಬಹುದು, ಉಣ್ಣಲು ಕುಳಿತವನು ನಂಬಿ ಕುಳಿತಿರುತ್ತಾನೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ಸತ್ತಾಗ ನಾಡಿಗೆ ನಾಡೇ ಬೆಚ್ಚಿದ್ದು ಸಾವಿನ ಸಂಖ್ಯೆಗೆ ಮಾತ್ರವಲ್ಲ. ಗುಡಿಯಲ್ಲಿ ಚಾಚಿದ ಕೈಗೆ ಬಿದ್ದ ತುತ್ತು ವಿಷವಾಯಿತಲ್ಲ ಎಂಬುದಕ್ಕೆ. ಮನುಷ್ಯರ ಆ ಸಾವನ್ನು ಜಿರಳೆಯ ಸಾವಿನೊಡನೆ ತೂಗುವುದು ಕ್ರೌರ್ಯವಾದೀತು, ಇಲ್ಲಿ ತೂಗುತ್ತಲೂ ಇಲ್ಲ. ಹೊಲದ ಹುಳುವಿಗೆಂದು ತಯಾರಾದ ವಿಷ ಅನ್ನದ ಪಾತ್ರೆಗೆ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಮಾತ್ರ ಆ ದಿನ ತೋರಿಸಿಕೊಟ್ಟಿತು.

ಹಾಗಾದರೆ ಗೃಹಸ್ಥ ಏನು ಮಾಡಬೇಕು? ಇಲ್ಲಿ ಜೈನರ ವಿವೇಚನೆ ಹೆಚ್ಚು ಸೂಕ್ಷ್ಮವಾಗಿದೆ. ಅವರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಮನೆಗೆಲಸಗಳಲ್ಲಿ ಆಗುವ ಆರಂಭೀ, ಕಸುಬಿನಲ್ಲಿ ಆಗುವ ಉದ್ಯೋಗೀ, ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳಲು ಮಾಡುವ ವಿರೋಧೀ. ಸನ್ಯಾಸಿಗೆ ನಾಲ್ಕೂ ನಿಷಿದ್ಧ. ಶ್ರಾವಕನು, ಅಂದರೆ ಗೃಹಸ್ಥನು, ಮೊದಲನೆಯದನ್ನು ಪೂರ್ತಿ ಬಿಟ್ಟು ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ಉಬ್ಬಸದ ಮಗುವಿರುವ ಮನೆಯಲ್ಲಿ ಜಿರಳೆಯನ್ನು ಕೊಲ್ಲುವುದು ವಿರೋಧೀ ಹಿಂಸೆ ಎಂದು ವಾದಿಸಬಹುದು. ಇಲಿಯನ್ನು ಅಂಟುಹಲಗೆಯ ಮೇಲೆ ಸಿಕ್ಕಿಸಿ, ಅದು ದಿನಗಟ್ಟಲೆ ಒದ್ದಾಡಿ ಸಾಯುವಂತೆ ಬಿಡುವುದಕ್ಕೆ ಯಾವ ವಾದವೂ ಇಲ್ಲ. ಇನ್ನೂ ಮುಖ್ಯವಾದದ್ದು ಸಮಿತಿ ಎಂಬ ಕಲ್ಪನೆ. ಸಮಿತಿ ಎಂದರೆ ಎಚ್ಚರದ ನಡೆ. ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿ ತ್ಯಾಜ್ಯವನ್ನು ಜೀವಿಗಳಿಗೆ ಹಾನಿಯಾಗದಂತೆ ಬಿಡುವುದನ್ನು ಕುರಿತದ್ದು. ಮುನಿಗಳಿಗಾಗಿ ಹೇಳಿದ ಈ ನಿಯಮ ಅಪಾರ್ಟ್‌ಮೆಂಟಿನ ಸಿಂಕಿಗೆ ಬೇರೆಲ್ಲಿಗಿಂತ ಚೆನ್ನಾಗಿ ಒಪ್ಪುತ್ತದೆ. ರಾತ್ರಿ ಎಂಜಲು ತಟ್ಟೆ ತೊಳೆಯದೆ ಬಿಟ್ಟು, ಕಸದ ಬುಟ್ಟಿ ತೆರೆದಿಟ್ಟು, ಹೀಗೆ ಕರೆದು ಸಾಕಿದ ಜೀವವನ್ನು ತಿಂಗಳಿಗೊಮ್ಮೆ ಕೂಲಿ ಕೊಟ್ಟು ಕೊಲ್ಲಿಸುವುದು ಪಂಚಸೂನೆಯ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ತಪ್ಪಿಸಬಹುದಾದದ್ದು. ಹಗೇವಿನ ಬಾಯಿ ಮುಚ್ಚುತ್ತಿದ್ದವರ ವಿವೇಕವೂ ಪೈಪಿನ ಸುತ್ತಲಿನ ತೂತು ಮುಚ್ಚುವ ವಿವೇಕವೂ ಒಂದೇ.

ಕೊಲ್ಲುವ ಪಾಲನ್ನು ಉಳಿಸಿಕೊಂಡ ಅಪಾರ್ಟ್‌ಮೆಂಟಿನ ಬದುಕು ಉಣಿಸುವ ಪಾಲನ್ನು ಕಳೆದುಕೊಂಡಿರುವುದೇ ನಿಜವಾದ ನಷ್ಟ. ಈ ನಷ್ಟಕ್ಕೆ ಶಾಸ್ತ್ರದಲ್ಲೂ ಒಂದು ಬೇರಿದೆ ಎಂಬುದನ್ನು ಮರೆಮಾಚಬಾರದು. ಭೂತಯಜ್ಞದ ಅನ್ನ ಯಾರಿಗೆ ಎಂದು ಹೇಳುವಾಗ ಮನುಸ್ಮೃತಿ ನಾಯಿ, ಕಾಗೆಗಳ ಸಾಲಿನಲ್ಲೇ ಜಾತಿಯ ಹೊರಗಿಟ್ಟ ಮನುಷ್ಯರನ್ನೂ ರೋಗಿಗಳನ್ನೂ ಸೇರಿಸುತ್ತದೆ. ಅವರಿಗೆ ಅನ್ನ ನೆಲದ ಮೇಲೆ, ಪಂಕ್ತಿಯಲ್ಲಿ ಅಲ್ಲ. ಈ ಭಾಗವನ್ನು ತಿರಸ್ಕರಿಸದೆ ಉಳಿದದ್ದನ್ನು ಸ್ವೀಕರಿಸುವಂತಿಲ್ಲ. ಇಂದಿಗೂ ಪಕ್ಕದ ಮನೆಯ ಡಬ್ಬಿಯನ್ನು ನಗುತ್ತ ಈಸಿಕೊಂಡು, ಜಾತಿ ನೆನೆದು ಮುಟ್ಟದೆ ಕಸಕ್ಕೆ ಸುರಿಯುವವರಿದ್ದಾರೆ, ಮತ್ತು ಆ ಅನ್ನ ರಾತ್ರಿ ಸೇರುವುದು ಜಿರಳೆಗೇ.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಹೆಸರಿನಲ್ಲಿ, ಯಾರು ಯಾವ ಸಾಲಿನಲ್ಲಿ ಉಣ್ಣಬೇಕೆಂಬ ಈ ಪ್ರಶ್ನೆಗೆ ಇನ್ನೊಂದು ಪರಂಪರೆ ಕೊಟ್ಟ ಉತ್ತರದ ನೆನಪು ಅಡಗಿದೆ. ಗೊರವ ಎಂದರೆ ಭಿಕ್ಷೆ ಬೇಡುವ ಶೈವ. ಮೈಲಾರಲಿಂಗನ ಗೊರವರು ದೋಣಿ ಎಂಬ ಪಾತ್ರೆಯಲ್ಲಿ ಸುರಿದ ಹಾಲು, ತುಪ್ಪ, ಬಾಳೆಹಣ್ಣುಗಳನ್ನು ದೇವರ ನಾಯಿಗಳಾಗಿ, ಬೊಗಳುತ್ತ, ಒಂದೇ ದೋಣಿಗೆ ಬಾಯಿ ಹಾಕಿ ಉಣ್ಣುತ್ತಾರೆ. ಮನು ಬೇರೆಯವರನ್ನು ನಾಯಿಯ ಸಾಲಿನಲ್ಲಿ ಇಟ್ಟರೆ ಗೊರವ ತಾನೇ ಆ ಸಾಲಿಗೆ ಇಳಿಯುತ್ತಾನೆ, ಇಳಿದು ಅಲ್ಲಿ ಎಂಜಲೆಂಬ ಭೇದವನ್ನೇ ಇಲ್ಲವಾಗಿಸುತ್ತಾನೆ. ತೀತಾ ಜಲಾಶಯದ ಸಮೀಪದ ಆ ಊರಿನಲ್ಲಿ ಇಂದು ಜನ ಸೇರುವುದು ಮಹಾಲಕ್ಷ್ಮಿಯ ಸನ್ನಿಧಿಗೆ. ನಿಂತುಹೋಗಿದ್ದ ಪೂಜೆಯನ್ನು ಮತ್ತೆ ನೆಲೆಗೊಳಿಸಿದ ಕಮಲಮ್ಮನವರನ್ನು ಭಕ್ತರು ದೇವಿಯ ಜೊತೆಗೇ ನೆನೆಯುತ್ತಾರೆ. ಶ್ರಾವಣದ ಶುಕ್ರವಾರಗಳಲ್ಲಿ ನಗರದ ಅಪಾರ್ಟ್‌ಮೆಂಟುಗಳಿಂದಲೂ ಬರುವ ಕುಟುಂಬಗಳು ಪ್ರಸಾದಕ್ಕೆ ಕುಳಿತಾಗ ಎಡಬಲದಲ್ಲಿ ಯಾರಿದ್ದಾರೆ ಎಂದು ಕೇಳುವುದಿಲ್ಲ. ಉಂಡು, ಮನೆಯಲ್ಲಿ ಉಳಿದವರಿಗೆಂದು ಒಂದಿಷ್ಟನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೊರಡುತ್ತಾರೆ. ಆ ಡಬ್ಬಿ ಸಂಜೆ ಎದುರು ಮನೆಯ ಬಾಗಿಲು ತಟ್ಟಿದರೆ, ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬ ಹಳೆಯ ರೂಢಿಯಂತೆ, ಎರಡು ದಿನದಲ್ಲಿ ಅದು ಹುರುಳಿಸಾರನ್ನೋ ನಾಲ್ಕು ಒಬ್ಬಟ್ಟನ್ನೋ ತುಂಬಿಕೊಂಡು ಹಿಂದಿರುಗುತ್ತದೆ. ಶಾಫ್ಟಿನ ತೂತನ್ನು ಎರಡೂ ಮನೆಯವರು ಸೇರಿ ಮುಚ್ಚಿಸೋಣವೇ ಎಂಬ ಮಾತು ಶುರುವಾಗುವುದೂ ಆ ಬಾಗಿಲಿನಲ್ಲಿಯೇ.