ಕೊಡಲಿಗೂ ಮೊದಲಿನ ಒಂದು ರಾತ್ರಿ

ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಸೇರುತ್ತಾಳೆ. ಸಂಗಮದ ದಂಡೆಯಲ್ಲಿ ಹನ್ನೊಂದನೆಯ ಶತಮಾನದ ಗಳಗೇಶ್ವರ ಗುಡಿ ಇದೆ. ಅದರ ಬುಡ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ಇಳಿದ ಕಲ್ಲಿನ ದಿಬ್ಬ, ಹೊಳೆ ಬಂದರೆ ಬರಲಿ ಎಂದು ಕಾಲೂರಿ ನಿಂತ ಹಾಗೆ. ಹೊಳೆಗೆ ಜಗ್ಗದ ಇಂಥ ಹಳೆಯ ಗುಡಿಗಳು ಸಾಸಿವೆಗಿಂತ ಸಣ್ಣದೊಂದು ಬೀಜಕ್ಕೆ ಅಂಜಬೇಕಾಗುತ್ತದೆ. ಹಕ್ಕಿ ಅರಳಿಹಣ್ಣು ತಿಂದು ಶಿಖರದ ಮೇಲೆ ಹಿಕ್ಕೆ ಹಾಕುತ್ತದೆ, ಕಲ್ಲುಸಂದಿಯಲ್ಲಿ ಎರಡೆಲೆ ಮೂಡುತ್ತದೆ. ಕೂದಲೆಳೆಯಂಥ ಬೇರು ಕೆಲವು ಮಳೆಗಾಲ ಕಳೆಯುವುದರೊಳಗೆ ರಟ್ಟೆಗಾತ್ರವಾಗಿ ಕಲ್ಲನ್ನೇ ಸರಿಸುತ್ತದೆ. ಹಾಗಾಗಿ ಎಳೆಯದಿರುವಾಗಲೇ ಕಿತ್ತುಹಾಕಬೇಕು. ಊರಕಟ್ಟೆಯ ಮೇಲೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಸುತ್ತು ಹಾಕಿಸಿಕೊಳ್ಳುವ ಅರಳಿಗೆ ಗುಡಿಯ ನೆತ್ತಿಯ ಮೇಲೆ ಜಾಗವಿಲ್ಲ. ಕಟ್ಟೆ ಕಟ್ಟಿದ್ದೂ ದೇವರ ಹೆಸರಿನಲ್ಲಿ, ಕಿತ್ತದ್ದೂ ದೇವರ ಹೆಸರಿನಲ್ಲಿ.

ಮನೆಯ ಹಿತ್ತಲಿಗೆ ಬಂದರೆ ಇದೇ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಬೇವಿನ ಮರ ಹೆಂಚಿನ ಮೇಲೆ ಬಾಗಿದೆ, ಮಳೆಗಾಲ ಹತ್ತಿರ ಬಂದಿದೆ. ಮರ ಕಡಿಯುವವನನ್ನು ಕರೆಸುತ್ತಾರೆ. ಕೂಲಿ ಎಷ್ಟು, ದಿಮ್ಮಿ ಯಾರಿಗೆ, ರೆಂಬೆಕೊಂಬೆ ಯಾರು ಸಾಗಿಸಬೇಕು ಎಂದೆಲ್ಲ ಮಾತು ಮುಗಿಯುತ್ತದೆ. ಪಾಪ ಯಾರಿಗೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕಡಿದ ಕೈಗೇ ಪಾಪ ಎಂಬ ನಂಬಿಕೆ ಹಳ್ಳಿಗಳಲ್ಲಿ ಹಳೆಯದು. ಅದಕ್ಕಾಗಿಯೇ ಮನೆಯವರು ಆ ಹೊತ್ತಿಗೆ ಒಳಗೆ ಸರಿಯುತ್ತಾರೆ. ಕೂಲಿಯ ಜೊತೆಗೆ ಪಾಪವನ್ನೂ ಬಡವನ ಕೈಗೆ ಹಾಕಿ ಕಳಿಸುವ ಈ ಲೆಕ್ಕ ಅನ್ಯಾಯದ್ದು.

ಅನ್ಯಾಯವೆಂದು ಜೈನರು ಬಹು ಹಿಂದೆಯೇ ಕಂಡುಕೊಂಡಿದ್ದರು. ಗಳಗನಾಥದ ಸೀಮೆಗೆ ದೂರವಲ್ಲದ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ, ಅವರ ದೊಡ್ಡ ನೆಲೆ. ಶಂಖ ಬಸದಿ ಇಂದಿಗೂ ಅಲ್ಲಿದೆ. ಜೈನರ ಎಣಿಕೆಯಲ್ಲಿ ಮರವೂ ಜೀವವೇ, ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ. ಅವರ ತತ್ತ್ವಾರ್ಥಸೂತ್ರವೆಂಬ ಗ್ರಂಥ ಕರ್ಮದ ಹೊಣೆಯನ್ನು ಹಂಚುವ ರೀತಿ ಕೂಲಿಗೆ ಕರೆಸುವವರೆಲ್ಲ ಕುಳಿತು ಯೋಚಿಸಬೇಕಾದದ್ದು. ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡಿದವರನ್ನು ಒಪ್ಪಿದ್ದು ಅನುಮತ. ಕೆಲಸಕ್ಕೆ ಮನಸ್ಸು ಮಾಡುವುದು, ಸಲಕರಣೆ ಹೊಂದಿಸುವುದು, ಶುರು ಮಾಡುವುದು ಇನ್ನೊಂದು ಮೂರು. ಮನಸ್ಸು, ಮಾತು, ಕಾಯ ಮತ್ತೊಂದು ಮೂರು. ಈ ಮೂರು ಮೂರುಗಳನ್ನು ಒಂದಕ್ಕೊಂದು ಗುಣಿಸಿ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ, ಅಂದರೆ ಮನಸ್ಸಿನ ವಿಕಾರಗಳಿಂದ, ಮತ್ತೆ ಗುಣಿಸಿದರೆ 108. ಈ 108ರಲ್ಲಿ ಕೊಡಲಿ ಹಿಡಿದವನ ಪಾಲು ಎಷ್ಟಿದೆಯೋ ಅಂಗಳದಲ್ಲಿ ನಿಂತು ಕೈ ತೋರಿಸಿದವನ ಪಾಲೂ ಅಷ್ಟೇ ಇದೆ.

ಮರವನ್ನು ದೇವರೆಂದು ಒಪ್ಪದವರಿಗೂ ಇದರಿಂದ ಬಿಡುಗಡೆಯಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಂಡಕಂಡದ್ದಕ್ಕೆಲ್ಲ ಕೈಮುಗಿಯುವುದನ್ನು ತಿರಸ್ಕರಿಸಿದರು, ಆದರೆ ದಯೆಯನ್ನು ಸಕಲ ಜೀವಿಗಳಿಗೂ ಚಾಚಿದರು. ಪೂಜೆ ಬಿಟ್ಟರೂ ಕರುಣೆಯ ಬಾಕಿ ಉಳಿದೇ ಇರುತ್ತದೆ.

ಹಾಗಾದರೆ ಕಡಿಯಲೇಬಾರದೇ? ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಹಾಗೆ ಹೇಳುವುದಿಲ್ಲ. ಮೂರ್ತಿಗೆ ಮರ ತರಲು ಕಾಡಿಗೆ ಹೋಗುವವನಿಗಾಗಿಯೇ ಅವನು ಒಂದು ಅಧ್ಯಾಯ ಬರೆದಿದ್ದಾನೆ. ರಾತ್ರಿ ಮರಕ್ಕೆ ಪೂಜೆ, ನೈವೇದ್ಯ. ಯಾವ ಕೆಲಸಕ್ಕೆ ನಿನ್ನನ್ನು ಆರಿಸಿದ್ದೇವೆ ಎಂದು ಮರಕ್ಕೇ ತಿಳಿಸಬೇಕು. ಅಲ್ಲಿ ವಾಸವಾಗಿರುವ ಜೀವಗಳಿಗೆ ಬಲಿ ಒಪ್ಪಿಸಿ, ಬೇರೆ ನೆಲೆ ನೋಡಿಕೊಳ್ಳಿ, ಕ್ಷಮಿಸಿ ಎಂದು ಬೇಡಬೇಕು. ಬೆಳಗಾದ ಮೇಲೆ ನೀರೆರೆದು, ಜೇನುತುಪ್ಪ ಮತ್ತು ತುಪ್ಪ ಸವರಿದ ಕೊಡಲಿಯಿಂದ ಈಶಾನ್ಯ ದಿಕ್ಕಿನಲ್ಲಿ ಮೊದಲ ಏಟು.

ಈ ವಿಧಿಯಲ್ಲಿ ಮಂತ್ರಕ್ಕಿಂತ ದೊಡ್ಡದು ನಡುವಿನ ಆ ರಾತ್ರಿ. ತೀರ್ಮಾನಕ್ಕೂ ಏಟಿಗೂ ಮಧ್ಯೆ ಒಂದು ರಾತ್ರಿ ಕಳೆಯಲೇಬೇಕು. ಮರದಲ್ಲಿ ಯಾರಿದ್ದಾರೆಂದು ತಲೆಯೆತ್ತಿ ನೋಡಲೇಬೇಕು. ಪೊಟರೆಯಲ್ಲಿ ಗಿಳಿಮರಿ ಇರಬಹುದು, ಕವಲಿನಲ್ಲಿ ಕಾಗೆಗೂಡು, ಕೊಂಬೆಯಡಿ ಜೇನುಹುಟ್ಟು. ಬೇಡಿಕೊಳ್ಳಲು ಹೋದವನು ಇದನ್ನೆಲ್ಲ ಕಾಣದೆ ಬರಲಾರ.

ಬುಡಕ್ಕೆ ಕಾಯಿ ಒಡೆದು, ತಪ್ಪಾಯಿತೆಂದು ಕೈಮುಗಿದು ಹತ್ತುವ ಕೆಲಸಗಾರರು ಈಗಲೂ ಇದ್ದಾರೆ. ಒಳ್ಳೆಯ ಕೆಲಸಗಾರನ ಕೈಚಳಕದಲ್ಲಿಯೇ ಒಂದು ಮರ್ಯಾದೆ ಇರುತ್ತದೆ. ಕೊಂಬೆಯ ತುದಿಗೆ ಹಗ್ಗ ಬಿಗಿದು, ಹಗ್ಗವನ್ನು ಮೇಲಿನ ಕವಲಿಗೆ ಸುತ್ತಿಸಿ, ಕೊನೆಯನ್ನು ನೆಲದಲ್ಲಿ ನಿಂತ ಜೊತೆಗಾರನಿಗೆ ಕೊಡುತ್ತಾನೆ. ಗರಗಸವನ್ನು ಮೊದಲು ಕೊಂಬೆಯ ಅಡಿಯಿಂದ ಸ್ವಲ್ಪ ಎಳೆಯುತ್ತಾನೆ, ಆಮೇಲೆ ಮೇಲಿನಿಂದ. ಮೇಲಿನಿಂದಷ್ಟೇ ಕೊಯ್ದರೆ ಕೊಂಬೆ ಜೋತುಬಿದ್ದು ಕಾಂಡದ ತೊಗಟೆಯನ್ನು ಕೆಳಗಿನವರೆಗೆ ಸುಲಿದುಕೊಂಡು ಹೋಗುತ್ತದೆ. ಉಳಿಯಬೇಕಾದ ಮರಕ್ಕೆ ಆ ಗಾಯ ವಾಸಿಯಾಗುವುದು ಕಷ್ಟ. ಎಷ್ಟೋ ಸಲ ಇಂಥವನೇ, ಎರಡು ಕೊಂಬೆ ಇಳಿಸಿದರೆ ಸಾಕು, ಮರ ಇರಲಿ ಬಿಡಿ ಎನ್ನುತ್ತಾನೆ. ಆ ಮಾತಿಗೆ ಕಿವಿಗೊಟ್ಟು, ಅದಕ್ಕೂ ಪೂರ್ತಿ ಕೂಲಿ ಕೊಡುವುದು ಕರೆಸಿದವರ ಧರ್ಮ.

ಕಾನೂನು ತನ್ನ ಭಾಷೆಯಲ್ಲಿ ಆ ರಾತ್ರಿಯಂಥದೇ ತಡೆಯನ್ನು ಕೇಳುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು.

ಎಲ್ಲ ಮರ ಉಳಿಸುವುದೂ ಪುಣ್ಯವಲ್ಲ ಎಂಬುದಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಸಾಕ್ಷಿ. 1974ರಲ್ಲಿ ಘೋಷಣೆಯಾದ ಆ ನೆಲದಲ್ಲಿ ನೀಲಗಿರಿ ನೆಡುತೋಪುಗಳು ಹಬ್ಬಿವೆ. ಕೃಷ್ಣಮೃಗ ಬಯಲಿನ ಪ್ರಾಣಿ. ಅದಕ್ಕೆ ಓಡಲು ಹುಲ್ಲುಗಾವಲು ಬೇಕು. ಅಂಥಲ್ಲಿ ಕೊಡಲಿಯೇ ದಯೆಯಾಗಬಹುದು. ಯಾರಿಗಾಗಿ ಎಂದು ಕೇಳದೆ ಉತ್ತರ ಸಿಗದು.

ಸವಣೂರಿನ ಕಲ್ಮಠದ ಆವರಣದಲ್ಲಿ ಮೂರು ದೊಡ್ಡಹುಣಸೆ ಮರಗಳು. ಆಫ್ರಿಕಾದ ಬಾವೊಬಾಬ್ ಇಲ್ಲಿಗೆ ಹೇಗೆ ಬಂತೆಂದು ಕೇಳಿದರೆ ಶ್ರೀಕೃಷ್ಣ ತಂದನೆಂದು ಜನ ಕಥೆ ಹೇಳುತ್ತಾರೆ. 2023ರ ಜುಲೈ ಮಳೆಯಲ್ಲಿ ಒಂದು ಮರ ಬುಡಮೇಲಾಗಿ ಬಿತ್ತು. ಬಿದ್ದ ಮರವನ್ನು ಸೀಳಿ ಸಾಗಿಸಿದ್ದರೆ ಯಾರೂ ಪಾಪವೆನ್ನುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ಭಾರ ತಗ್ಗಿಸಲು ಕೊಂಬೆಗಳನ್ನಷ್ಟೇ ಗರಗಸದಿಂದ ಕೊಯ್ದರು, ಕ್ರೇನಿನಿಂದ ಕಾಂಡವನ್ನು ಎತ್ತಿ ನಿಲ್ಲಿಸಿದರು, ಬುಡಕ್ಕೆ ಮಣ್ಣು ತುಂಬಿದರು. ಬೋಳಾಗಿ ನಿಂತ ಆ ದಪ್ಪ ಬೂದುಗಾಂಡದ ಮೇಲೆ ಮತ್ತೆ ಹಸಿರು ಮೂಡಿತು.